ಜಾಗ ಇಲ್ಲೆ

ನಮ್ಮ ಶಾಲೆಯಲ್ಲಿ ಪ್ರತಿ ವರ್ಷ ಹುತ್ತರಿ ಸುಗ್ಗಿಹಬ್ಬದ ರಜೆಯಲ್ಲಿ ಆಡುತ್ತಿದ್ದದ್ದು ಒಂದೇ ನಾಟಕ, ಕಾಗೆ ಗುಬ್ಬಿಯ ಕಥೆ. ಬೇರೆ ಏನಾದರೂ ಆಡಿಸೋಣವೆಂದು ನಾನು ಕೆಲಸಕ್ಕೆ ಸೇರಿದ ವರ್ಷವೇ ಹೇಳಿ ನೋಡಿದ್ದೆ. ಹೆಡ್‌ಮಾಸ್ಟರು ಕನ್ನಡಕದ ಮೇಲಿಂದ ನನ್ನನ್ನು ನೋಡಿ, "ಟೀಚರೇ, ಹುತ್ತರಿಗೆ ಅಕ್ಕಿ ಹೊಸದಾದರೆ ಸಾಕು, ನಾಟಕ ಹಳೇದೇ ಇರಲಿ" ಎಂದುಬಿಟ್ಟರು. ಅವರು ಹುದಿಕೇರಿ ಕಡೆಯ ಕೊಡವರು, ನಿವೃತ್ತಿಗೆ ಹತ್ತಿರವಾಗಿದ್ದವರು. ಯಾರ ಮೇಲೂ ದನಿ ಎತ್ತಿದವರಲ್ಲ. ಅವರ ಪಾಲಿನ ಸಿಟ್ಟನ್ನೂ ದೇವರು ನನಗೇ ಕೊಟ್ಟಿದ್ದಾನೆಂದು ಅವರೇ ಚೇಷ್ಟೆ ಮಾಡುತ್ತಿದ್ದರು. ಅದು ಸುಳ್ಳೇನಲ್ಲ, ನನಗೆ ಆಗ ಮೂಗಿನ ತುದಿಯಲ್ಲೇ ಕೋಪ.

ನಾನು ಸೋಮವಾರಪೇಟೆ ಕಡೆಯವಳು. ಶಾಲೆ ಇದ್ದದ್ದು ಮಡಿಕೇರಿಯಿಂದ ಭಾಗಮಂಡಲಕ್ಕೆ ಹೋಗುವ ದಾರಿಯ ಒಂದು ಊರಿನಲ್ಲಿ. ಕೊಡಗು ಮೈಸೂರು ರಾಜ್ಯಕ್ಕೆ ಸೇರಿ ಒಂದೆರಡು ವರ್ಷವಾಗಿತ್ತು. ಅಲ್ಲಿಯವರೆಗೆ ಮಡಿಕೇರಿಗೆ ಹೋಗುತ್ತಿದ್ದ ಕಾಗದಪತ್ರಗಳು ಈಗ ಇನ್ನೂ ದೂರ ಹೋಗತೊಡಗಿದ್ದವು, ಸಾಹೇಬರುಗಳು ಇನ್ನೂ ದೂರದಿಂದ ಬರತೊಡಗಿದ್ದರು. ನನ್ನ ತರಗತಿಯಲ್ಲಿ ಅರೆಭಾಷೆ ಆಡುವ ಗೌಡರ ಮಕ್ಕಳೇ ಹೆಚ್ಚು. ಕೊಡವ ಮಕ್ಕಳು ಕೆಲವರು, ಎಸ್ಟೇಟಿನ ಕೂಲಿಗಳ ಲೈನ್ ಮನೆಗಳಿಂದ ಬರುವ ಮಲಯಾಳದವರು, ತಮಿಳರು, ತುಳುವರು. ಆಟದ ಬಯಲಿನಲ್ಲಿ ಐದು ಭಾಷೆಯಲ್ಲಿ ಜಗಳವಾಡುತ್ತಿದ್ದರು, ರಾಜಿಯಾಗುವಾಗ ಮಾತ್ರ ಕನ್ನಡಕ್ಕೆ ಬರುತ್ತಿದ್ದರು.

ಕಥೆ ಎಲ್ಲರಿಗೂ ಗೊತ್ತಿರುವುದೇ. ಕಾಗೆಯದು ಸಗಣಿಯ ಮನೆ, ಗುಬ್ಬಿಯದು ಕಲ್ಲಿನ ಮನೆ. ಮಳೆ ಬಂದು ಕಾಗೆಯ ಮನೆ ಕರಗಿಹೋಗುತ್ತದೆ. ಕಾಗೆ ನೆನೆಯುತ್ತಾ ಬಂದು ಗುಬ್ಬಿಯ ಬಾಗಿಲು ತಟ್ಟುತ್ತದೆ. ಗುಬ್ಬಿ ಮಗುವಿಗೆ ಎಣ್ಣೆ ಹಚ್ಚುತ್ತಿದ್ದೇನೆ ತಾಳು, ನೀರು ಹಾಕುತ್ತಿದ್ದೇನೆ ತಾಳು, ತೊಟ್ಟಿಲು ತೂಗುತ್ತಿದ್ದೇನೆ ತಾಳು ಎಂದು ಹೊರಗೇ ನಿಲ್ಲಿಸುತ್ತದೆ. ಮುಂದಿನದನ್ನು ಒಂದೊಂದು ಮನೆಯಲ್ಲಿ ಒಂದೊಂದು ಥರ ಹೇಳುತ್ತಾರೆ. ನಮ್ಮ ನಾಟಕದಲ್ಲಿ ಮಾತ್ರ ಹಬ್ಬದ ದಿನ ಯಾರೂ ಹೊರಗಿರಬಾರದೆಂದು ಗುಬ್ಬಿ ಕೊನೆಗೆ ಬಾಗಿಲು ತೆಗೆದು, ಇಬ್ಬರೂ ಹೊಸ ಅಕ್ಕಿಯ ಪಾಯಸ ಉಣ್ಣುತ್ತಿದ್ದರು. ಪಾಯಸ ನಿಜವಾದದ್ದೇ. ಅದಕ್ಕಾಗಿಯೇ ಕಾಗೆಯ ಪಾತ್ರಕ್ಕೆ ಹೊಡೆದಾಟವಿರುತ್ತಿತ್ತು.

ಮೊದಲಿನಿಂದ ಕೊನೆಯವರೆಗೆ ಹಾಡೇ. ನಾನು ಹಾರ್ಮೋನಿಯಂ ಬಾರಿಸುತ್ತಿದ್ದೆ, ಹಾಡುಗಳನ್ನೂ ನಾನೇ ಕಟ್ಟಿದ್ದೆ. ಎರಡು ತರಗತಿಗಳ ನಡುವಿನ ಹಲಗೆಯ ಅಡ್ಡ ತೆಗೆದರೆ ಅದೇ ಹಾಲು, ಬೆಂಚುಗಳನ್ನು ಜೋಡಿಸಿದರೆ ಅದೇ ಸ್ಟೇಜು. ಮಳೆಯ ಸದ್ದಿಗೆ ಪರದೆಯ ಹಿಂದೆ ಒಬ್ಬರು ಮೊರ ಹಿಡಿದು ಕೂರಬೇಕು. ಜಿನುಗು ಮಳೆಗೆ ಮೊರದಲ್ಲಿ ಭತ್ತ ಆಡಿಸುವುದು, ಜಡಿಮಳೆಗೆ ಒಣಗಿದ ಕಾಫಿ ಹಣ್ಣು. ಹಾಡಲು ಬಾರದವರಿಗೆ ಈ ಕೆಲಸ. ಆಟ ಮಧ್ಯಾಹ್ನ ಎರಡು ಗಂಟೆಗೇ ಶುರುವಾಗುತ್ತಿತ್ತು, ಯಾಕೆಂದರೆ ಕತ್ತಲಾಗುವ ಮೊದಲು ಎಲ್ಲರೂ ಮನೆ ಸೇರದಿದ್ದರೆ ದಾರಿಯಲ್ಲಿ ಆನೆಗಳಿರುತ್ತಿದ್ದವು.

ಆ ವರ್ಷ ಗುಬ್ಬಿಯ ಪಾತ್ರಕ್ಕೆ ನಾನು ಆರಿಸಿದ್ದು ಆರನೇ ತರಗತಿಯ ಒಬ್ಬ ಹುಡುಗಿಯನ್ನು. ಗದ್ದೆಯಾಚೆಯ ಗೌಡರ ಮನೆಯ ಮಗಳು. ಸಣ್ಣಕ್ಕೆ, ಕಪ್ಪಗೆ, ಎರಡು ಬಿಗಿ ಜಡೆ. ಮಾತು ಕಡಿಮೆ. ಆದರೆ ಬಾಯಿ ತೆರೆದು ಹಾಡಿದಳೆಂದರೆ ನಾನು ಹಾರ್ಮೋನಿಯಂ ನಿಲ್ಲಿಸಿ ಕೇಳುತ್ತಿದ್ದೆ. ಅಂಥ ದನಿ ಆ ಮೈಯಲ್ಲಿ ಎಲ್ಲಿತ್ತೋ ಎಂದು ಹೆಡ್‌ಮಾಸ್ಟರೂ ಬಾಗಿಲ ಬಳಿ ಬಂದು ನಿಲ್ಲುತ್ತಿದ್ದರು.

ಅವಳ ತಾಯಿ ಅದಕ್ಕೆ ತದ್ವಿರುದ್ಧ. ಅಂಗಡಿಗೆ ಹೋಗುವಾಗಲೆಲ್ಲ ಶಾಲೆಯ ಜಗಲಿ ಹತ್ತಿ ನನ್ನ ಜತೆ ಒಂದಿಷ್ಟು ಮಾತಾಡದೆ ಹೋದವರಲ್ಲ. ಹಸುವಿನ ಸಂಗತಿ, ನೆರೆಮನೆಯ ಸಂಗತಿ, ನಾನು ಯಾಕೆ ಇಷ್ಟು ಬಡಕಲಾಗಿದ್ದೇನೆಂಬ ಸಂಗತಿ. ಅರ್ಧ ನನಗೆ ತಿಳಿಯುತ್ತಿತ್ತು, ಅರ್ಧಕ್ಕೆ ತಲೆಯಾಡಿಸುತ್ತಿದ್ದೆ. ಮಗಳು ಗುಬ್ಬಿಯಾಗುತ್ತಾಳೆಂದು ತಿಳಿದ ದಿನ ಒಂದು ಚಿಪ್ಪು ಬಾಳೆಹಣ್ಣು ತಂದು ನನ್ನ ಮೇಜಿನ ಮೇಲಿಟ್ಟರು.

"ಈ ಸಲ ನಮ್ಮ ಗೂಡೆನೇ ಗುಬ್ಬಿ ಗಡ!" ಎಂದರು. ಗೂಡೆ ಎಂದರೆ ಅವರಲ್ಲಿ ಹುಡುಗಿ, ಗಡ ಎಂದರೆ ಅಂತೆ. ಮಗಳು ಗದ್ದೆಯಲ್ಲಿ ದನ ಅಟ್ಟುತ್ತಾ ಹಾಡುವುದನ್ನು ಈಕೆ ಅಡುಗೆಮನೆಯಿಂದ ಕೇಳಿದ್ದರಂತೆ, ಎದುರಿಗೆ ಹಾಡು ಎಂದರೆ ಮಾತ್ರ ಆ ಹುಡುಗಿ ನಾಚಿ ಓಡಿಹೋಗುತ್ತಿದ್ದಳಂತೆ. "ಎದುರ್ ಕುದ್ದ್ ಒಂದ್ಸಲ ಕೇಳೊಕು ಟೀಚರಮ್ಮ, ಅಷ್ಟೇ ನಂಗೆ" ಎಂದರು. ಎದುರು ಕೂತು ಒಂದು ಸಲ ಕೇಳಬೇಕು, ಅಷ್ಟೇ. ಸಂಪಾಜೆಯಲ್ಲಿದ್ದ ತಂಗಿಗೂ ಹೇಳಿಕಳಿಸಿದ್ದರು. ಆಕೆ ಹುತ್ತರಿಗೆ ಬರುವವರಿದ್ದರು.

ಗುಬ್ಬಿಯ ಮುಖ್ಯ ಹಾಡಿನ ಪಲ್ಲವಿ ಹೀಗಿತ್ತು. "ಕಾಗಕ್ಕ ಕಾಗಕ್ಕ ಜಾಗ ಇಲ್ಲ, ಕಾಲು ಮಡಿಸಲು ಮೂಲೆ ಇಲ್ಲ." ದೊಡ್ಡ ಕಾವ್ಯವೇನಲ್ಲ. ಆದರೆ ಅರೆಭಾಷೆಯಲ್ಲಿ ಇಲ್ಲ ಎನ್ನುವುದಕ್ಕೆ ಇಲ್ಲೆ ಎನ್ನುತ್ತಾರೆ. ಆ ಹುಡುಗಿ ಮಾತಿನಲ್ಲಿ ಹೇಳುವಾಗ ಸರಿಯಾಗಿಯೇ ಹೇಳುತ್ತಿದ್ದಳು. ಹಾಡುವಾಗ ಮೈಮರೆತು "ಜಾಗ ಇಲ್ಲೆ, ಮೂಲೆ ಇಲ್ಲೆ" ಎಂದುಬಿಡುತ್ತಿದ್ದಳು. ರಾಗದಲ್ಲಿ ಕೊನೆಯ ಅಕ್ಷರ ಎಳೆಯಬೇಕಲ್ಲ, ಎಳೆದಾಗ ಅದು "ಜಾಗ ಇಲ್ಲೇ, ಮೂಲೆ ಇಲ್ಲೇ" ಎಂದಾಗುತ್ತಿತ್ತು. ನಾನು ತಿದ್ದುತ್ತಿದ್ದೆ, ಸರಿಹೋಗುತ್ತದೆಂದು ಸುಮ್ಮನಿದ್ದೆ.

ಹಬ್ಬಕ್ಕೆ ಹತ್ತು ದಿನವಿರುವಾಗ ಇನ್ಸ್‌ಪೆಕ್ಟರ್ ಸಾಹೇಬರು ಬಂದರು. ಮೈಸೂರು ಸೀಮೆಯವರು, ಹೊಸಬರು. ಕೋಟು, ಪೇಟ, ಕೈಯಲ್ಲಿ ಕೊಡೆ. ದಾಖಲೆಗಳನ್ನೆಲ್ಲ ನೋಡಿ ಹೊರಡುವಾಗ ಹಾಡು ಕೇಳಿ ನಮ್ಮ ಪ್ರಾಕ್ಟೀಸಿನ ಕೋಣೆಗೆ ಬಂದು ಕೂತರು. ಕಾಗೆ ಬಾಗಿಲು ತಟ್ಟಿತು. ಗುಬ್ಬಿ ಕಣ್ಣು ಮುಚ್ಚಿ, ದನಿ ಎತ್ತಿ, ಜಾಗ ಇಲ್ಲೇ, ಮೂಲೆ ಇಲ್ಲೇ ಎಂದು ಹಾಡಿದಳು.

ಸಾಹೇಬರು ಹೊಟ್ಟೆ ಹಿಡಿದುಕೊಂಡು ನಕ್ಕರು. "ಅಲ್ರೀ ಮೇಡಂ, ಜಾಗ ಇಲ್ಲೇ ಇದೆ ಅಂತ ಗುಬ್ಬಿನೇ ಕರೀತಿದೆ, ಮೂಲೆ ಬೇರೆ ತೋರಿಸ್ತಿದೆ. ಮತ್ತೆ ಈ ಕಾಗೆ ಯಾಕ್ರೀ ಮಳೇಲಿ ನಿಂತಿದೆ? ಕಿವುಡಾ?"

ಮಕ್ಕಳೆಲ್ಲ ನಕ್ಕರು. ಯಾಕೆಂದು ತಿಳಿಯದವರೂ ನಕ್ಕರು. ಹೆಡ್‌ಮಾಸ್ಟರು ಸಹ ಮೀಸೆಯಡಿಯಲ್ಲಿ ನಕ್ಕರು. ಗುಬ್ಬಿಯೂ ನಗುತ್ತಿದ್ದಳು, ಎಲ್ಲರೂ ತನ್ನ ಹಾಡಿಗೆ ಖುಷಿಪಟ್ಟರೆಂದು ಅವಳು ತಿಳಿದಿದ್ದಳು. ನಗದಿದ್ದವಳು ನಾನೊಬ್ಬಳೇ. ಸಾಹೇಬರು ಏಳುವಾಗ, ಹಬ್ಬದ ನಾಟಕಕ್ಕೆ ತಮ್ಮ ಸ್ನೇಹಿತರನ್ನೂ ಕರೆದುಕೊಂಡು ಬರುತ್ತೇನೆ, ಎರಡು ಕುರ್ಚಿ ಇಡಿ ಎಂದು ಹೇಳಿ ಹೋದರು.

ನನಗೆ ಅಷ್ಟು ಯಾಕೆ ಉರಿಯಿತು ಎಂದರೆ, ಅದಕ್ಕೊಂದು ಹಿಂದಿನ ಕಥೆಯಿದೆ. ಮೈಸೂರಿನಲ್ಲಿ ಟ್ರೈನಿಂಗಿಗೆ ಇದ್ದಾಗ ನನ್ನ ಮಾತು ಕೇಳಿ ಹಾಸ್ಟೆಲಿನ ಹುಡುಗಿಯರು ನಗುತ್ತಿದ್ದರು. ನಾನು ಬಾಯಿ ತೆರೆದರೆ ಸಾಕು, ಇನ್ನೊಂದು ಸಲ ಹೇಳೇ ಎಂದು ಸುತ್ತ ಸೇರುತ್ತಿದ್ದರು. ಎರಡು ವರ್ಷ ಕನ್ನಡಿ ಮುಂದೆ ನಿಂತು ನಾಲಗೆ ತಿದ್ದಿಕೊಂಡು ಬಂದವಳು ನಾನು. ನನ್ನ ಕನ್ನಡ ಈಗ ಅಚ್ಚು ಹಾಕಿದ ಹಾಗಿದೆ ಎಂಬ ಜಂಬ ನನಗಿತ್ತು. ಆ ಜಂಬವನ್ನು ಈ ಪುಟ್ಟ ಹುಡುಗಿ ಸಾಹೇಬರ ಎದುರಿಗೇ ಮಣ್ಣುಪಾಲು ಮಾಡಿದಳೆಂದು ನನಗೆ ಕಂಡಿತು. ಇದನ್ನು ಬರೆಯುವಾಗ ನನಗೆ ನಾಚಿಕೆಯಾಗುತ್ತದೆ. ಆದರೆ ಇದ್ದದ್ದು ಇಷ್ಟೇ.

ಮೂರು ದಿನ ಅವಳನ್ನು ಹಿಡಿದು ಕೂರಿಸಿದೆ. ಇಲ್ಲ ಅನ್ನು. ಇಲ್ಲ. ಇನ್ನೊಮ್ಮೆ. ಇಲ್ಲ. ಹಾಡು. ಜಾಗ ಇಲ್ಲೆ. ಅವಳಿಗೆ ತಾನು ಏನು ತಪ್ಪು ಮಾಡುತ್ತಿದ್ದೇನೆಂಬುದೇ ಕೇಳಿಸುತ್ತಿರಲಿಲ್ಲ. ಅವಳು ಹುಟ್ಟಿದಂದಿನಿಂದ ಮನೆಯಲ್ಲಿ ಯಾರಾದರೂ ಇಲ್ಲ ಎನ್ನುವಾಗಲೆಲ್ಲ ಕೇಳಿದ ಶಬ್ದ ಅದು. ಮೊದಲು ಗೆಲುವಾಗಿ ಹಾಡುತ್ತಿದ್ದವಳು ಆ ಸಾಲು ಬಂದಾಗ ನನ್ನ ಮುಖ ನೋಡತೊಡಗಿದಳು. ಮುಖ ನೋಡುತ್ತಾ ಹಾಡಿದರೆ ದನಿ ಸಣ್ಣದಾಗುತ್ತಿತ್ತು. ದನಿ ಸಣ್ಣದಾದರೆ ನನಗೆ ಮತ್ತೂ ಸಿಟ್ಟು.

ಹೆಡ್‌ಮಾಸ್ಟರು ಒಮ್ಮೆ ಒಳಗೆ ಬಂದು, "ಹಾಡಲಿ ಬಿಡಿ ಟೀಚರೇ. ನೋಡಲಿಕ್ಕೆ ಬರುವವರಲ್ಲಿ ಮುಕ್ಕಾಲು ಪಾಲು ಅದೇ ಮಾತಿನವರು. ಅವರಿಗೆ ಅರ್ಥ ಆಗ್ತದೆ. ಇಷ್ಟಕ್ಕೂ ಗುಬ್ಬಿ ಏನು ಮೈಸೂರಿಂದ ಬಂದದ್ದಾ?" ಎಂದರು.

"ಕುರ್ಚಿಯಲ್ಲಿ ಕೂರುವವರು ಆ ಮಾತಿನವರಲ್ಲ ಸರ್" ಎಂದೆ. ಅವರು ನನ್ನ ಮುಖ ನೋಡಿ ಹೊರಟುಹೋದರು.

ನಾಲ್ಕನೇ ದಿನವೂ ಅವಳು ಇಲ್ಲೆ ಎಂದೇ ಹಾಡಿದಳು. ನಾನು ಹಾರ್ಮೋನಿಯಂ ಪೆಟ್ಟಿಗೆಯ ಮುಚ್ಚಳ ಧಡಕ್ಕನೆ ಹಾಕಿದೆ. ಎಲ್ಲ ಮಕ್ಕಳ ಮುಂದೆ ಹೇಳಿದೆ. "ಅವ್ವನ ಮಾತು ಅವ್ವನ ಹತ್ತಿರ ಇಟ್ಟು ಬಾ. ಆ ಮಾತು ಇಲ್ಲಿ ಆಡಿದರೆ ಜನ ನಗುತ್ತಾರೆ. ನಿನಗೆ ನಗಿಸಿಕೊಳ್ಳುವ ಆಸೆಯಿರಬಹುದು, ನನಗಿಲ್ಲ."

ಅವಳು ಅಳಲಿಲ್ಲ. ಅತ್ತಿದ್ದರೆ ನಾನು ಕರಗುತ್ತಿದ್ದೆನೋ ಏನೋ. ಗುಬ್ಬಿಯ ಪಾರ್ಟನ್ನು ಎಸ್ಟೇಟಿನ ರೈಟರ ಮಗಳಿಗೆ ಕೊಟ್ಟೆ. ರೈಟರೆಂದರೆ ಎಸ್ಟೇಟಿನ ಹಾಜರಿ, ಕಾಫಿ ಕುಯ್ಲಿನ ಲೆಕ್ಕ ಬರೆಯುವವರು, ಮಂಡ್ಯದ ಕಡೆಯ ಸಂಸಾರ. ಆ ಹುಡುಗಿಯ ದನಿ ದಾರದಷ್ಟು ತೆಳು, ಆದರೆ ಇಲ್ಲ ಎಂದರೆ ಇಲ್ಲ. ಗೌಡರ ಹುಡುಗಿಯ ಕೈಗೆ ಮೊರ ಕೊಟ್ಟು ಪರದೆಯ ಹಿಂದೆ ಕೂರಿಸಿದೆ.

ಮನೆಯಲ್ಲಿ ಅವಳು ಈ ವಿಷಯ ಹೇಳಿರುತ್ತಾಳೆಂದು ನಾನು ಅಂದುಕೊಂಡಿದ್ದೆ. ಹೇಳಿರಲಿಲ್ಲ.

ಹುತ್ತರಿ ಮುಗಿದ ಮೂರನೇ ದಿನ ಆಟ. ಹಾಲು ಕಿಕ್ಕಿರಿದಿತ್ತು. ಮುಂದೆ ಎರಡು ಕುರ್ಚಿಗಳು, ಅದರ ಹಿಂದಿನ ಚಾಪೆಯಲ್ಲಿ ನೇರ ಎದುರಿಗೆ ಆ ತಾಯಿ. ಹಸಿರು ರೇಷ್ಮೆ ಸೀರೆ ಉಟ್ಟು ಬಂದಿದ್ದರು. ಪಕ್ಕದಲ್ಲಿ ಸಂಪಾಜೆಯ ತಂಗಿ, ತಂಗಿಯ ಅತ್ತೆ, ನೆರೆಮನೆಯ ಇಬ್ಬರು. ಎಲ್ಲರಿಗಿಂತ ಮೊದಲು ಬಂದು ಜಾಗ ಹಿಡಿದಿದ್ದರಂತೆ. ಹಾರ್ಮೋನಿಯಂ ಮುಂದೆ ಕೂತ ನನಗೆ ಅವರು ಕೈಯೆತ್ತಿ ನಮಸ್ಕಾರ ಮಾಡಿದರು. ಆಗ ನನಗೆ ತಿಳಿಯಿತು, ಈಕೆಗೆ ಗೊತ್ತಿಲ್ಲ ಎಂದು.

ಎದ್ದು ಹೋಗಿ ಹೇಳಬಹುದಿತ್ತು. ಸಾಹೇಬರು ಬಂದರು, ಆಟ ಶುರುಮಾಡಿ ಎಂದರು, ನಾನು ಹಾರ್ಮೋನಿಯಂ ತಿದಿ ಎಳೆದೆ. ಇದೇ ನನ್ನ ಸಬೂಬು.

ಪರದೆ ಸರಿಯಿತು. ಕಾಗೆ ಬಂತು. ಮಳೆ ಶುರುವಾಯಿತು. ಅಷ್ಟು ಚೆಂದದ ಮಳೆಯನ್ನು ಆ ಶಾಲೆಯಲ್ಲಿ ಅದುವರೆಗೆ ಯಾರೂ ಸುರಿಸಿರಲಿಲ್ಲ. ಮೊದಲು ಭತ್ತ ಸರಸರ, ಆಮೇಲೆ ಕಾಫಿ ಹಣ್ಣು, ಒಂದು ಬದಿಯಿಂದ ಬಂದು ಇನ್ನೊಂದು ಬದಿಗೆ ಹೋಗುವ ಹಾಗೆ. ಜನ ತಲೆಯೆತ್ತಿ ಸೂರು ನೋಡಿದರು. ಗುಬ್ಬಿಯ ಮನೆಯ ಬಾಗಿಲು ತೆರೆಯಿತು. ಆ ತಾಯಿ ಅರ್ಧ ಎದ್ದರು. ರೈಟರ ಮಗಳನ್ನು ನೋಡಿ ಕೂತರು. ತಂಗಿ ಏನೋ ಕೇಳಿದರು, ಈಕೆ ಕೈಯಾಡಿಸಿ ಇನ್ನೂ ಇದೆ ತಾಳು ಎನ್ನುವಂತೆ ಮಾಡಿದರು. ಗುಬ್ಬಿಯ ಮರಿಗಳು ಬಂದವು. ಮತ್ತೆ ಅರ್ಧ ಎದ್ದರು. ಅಳಿಲು ಬಂತು, ಕೊಕ್ಕರೆ ಬಂತು. ಹೊಸಬರು ಬಂದಾಗಲೆಲ್ಲ ಅವರು ಹಾಗೆ ಕತ್ತು ಚಾಚಿ ಏಳುವುದೂ ಕೂರುವುದೂ ನನ್ನ ಕಣ್ಣೆದುರಿಗೇ ನಡೆಯುತ್ತಿತ್ತು. ನಾನು ತಲೆ ಬಗ್ಗಿಸಿ ಬಾರಿಸಿದೆ. ಎರಡು ಕಡೆ ಸ್ವರ ತಪ್ಪಿತು.

ಪಾಯಸ ಉಂಡು ಆಟ ಮುಗಿಯಿತು. ಜನ ಏಳುತ್ತಿರುವಾಗ ಸಾಹೇಬರು ಸ್ನೇಹಿತರ ಜತೆ ನನ್ನ ಬಳಿ ಬಂದರು. "ಎಲ್ರೀ ಮೇಡಂ ನಮ್ಮ ಜಾಗ ಇಲ್ಲೇ ಗುಬ್ಬಿ? ಎಂಥಾ ಕಂಠ ರೀ ಅದು! ಇವರಿಗೆ ಕೇಳಿಸ್ಬೇಕು ಅಂತಲೇ ಅಷ್ಟು ದೂರದಿಂದ ಎಳ್ಕೊಂಡು ಬಂದೆ" ಎಂದರು.

"ಅವಳಿಗೆ ಗಂಟಲು ಕಟ್ಟಿದೆ ಸರ್. ಹಾಡಲಿಕ್ಕೆ ಆಗಲಿಲ್ಲ" ಎಂದೆ.

ತಿರುಗಿದರೆ ಆ ತಾಯಿ ನನ್ನ ಬೆನ್ನಿಗೇ ನಿಂತಿದ್ದರು. "ಟೀಚರಮ್ಮ, ನಮ್ಮ ಗೂಡೆ ಎಲ್ಲಿ ಇತ್ತ್? ನಂಗೆ ಕಂಡತೇ ಇಲ್ಲೆ" ಎಂದು ಕೇಳಲು ಬಂದವರು, ನಾನು ಸಾಹೇಬರಿಗೆ ಹೇಳಿದ್ದನ್ನು ಕೇಳಿಸಿಕೊಂಡಿದ್ದರು. "ಅಯ್ಯೋ, ಗಂಟಲ್ ಕಟ್ಟಿತಾ? ಬೆಳಗ್ಗೆ ಚೆಂದ ಇತ್ತಲ್ಲ!"

ಅಷ್ಟರಲ್ಲಿ ಪರದೆಯ ಹಿಂದಿನಿಂದ ಹುಡುಗಿ ಮೊರ ಹಿಡಿದುಕೊಂಡು ಬಂದಳು. ತಾಯಿ ಅವಳ ಕತ್ತು ಮುಟ್ಟಿ, ಹಣೆ ಮುಟ್ಟಿ ನೋಡಿದರು. "ಎಂಥ ಆತ್ ಮಗಾ, ಗಂಟಲ್ ನೋವಾ?" ಹುಡುಗಿ ತಾಯಿಯ ಮುಖ ನೋಡಿದಳು, ಆಮೇಲೆ ನನ್ನ ಮುಖ ನೋಡಿದಳು. ನನ್ನನ್ನು ನೋಡಿ ಎರಡು ಸಲ ಕೆಮ್ಮಿದಳು.

ನನ್ನ ಜೀವಮಾನದಲ್ಲಿ ಅಷ್ಟು ನಾಚಿಕೆ ನನಗೆ ಬೇರೆ ಯಾವಾಗಲೂ ಆಗಿಲ್ಲ. ನನ್ನ ಸುಳ್ಳಿಗೆ ಸಾಕ್ಷಿ ಹೇಳಬೇಕೆಂದು ಆ ಮಗುವಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಟೀಚರ ಮುಖ ನೋಡಿ ಏನು ಬೇಕೋ ಅದನ್ನು ಮಾಡುವುದನ್ನು ಆ ನಾಲ್ಕು ದಿನದಲ್ಲಿ ನಾನೇ ಕಲಿಸಿದ್ದೆ.

"ನೀವೇನ್ ಬೇಜಾರ್ ಮಾಡ್‌ಬೇಡಿ ಟೀಚರಮ್ಮ. ಬಾವ ವರ್ಷ ಹಾಡ್ರೆ ಆತ್" ಎಂದು ಆ ತಾಯಿ ನನಗೇ ಸಮಾಧಾನ ಹೇಳಿದರು. ಬರುವ ವರ್ಷ ಹಾಡಿದರಾಯಿತಂತೆ. ಬಾಳೆಲೆಯಲ್ಲಿ ಕಟ್ಟಿ ತಂದಿದ್ದ ಹುತ್ತರಿಯ ತಂಬಿಟ್ಟನ್ನು ನನ್ನ ಕೈಗಿಟ್ಟು, ಮಗಳ ತಲೆಗೆ ಸೆರಗು ಹೊದೆಸಿ, ತಂಗಿಯವರನ್ನು ಕರೆದುಕೊಂಡು ಗದ್ದೆ ದಾರಿ ಹಿಡಿದರು. ಒಂದು ವಾರ ಆ ಹುಡುಗಿಗೆ ಕಾಳುಮೆಣಸಿನ ಕಷಾಯ ಕುಡಿಸಿದರೆಂದು ಆಮೇಲೆ ತಿಳಿಯಿತು. ಏನೂ ಆಗದ ಗಂಟಲಿಗೆ ಅವಳು ವಾರವಿಡೀ ಕಷಾಯ ಕುಡಿದಿದ್ದಳು, ನನ್ನ ಹೆಸರೆತ್ತಿರಲಿಲ್ಲ.

ನಿಜ ಹೇಳಬೇಕೆಂದು ಎಷ್ಟೋ ಸಲ ಅಂದುಕೊಂಡೆ. ಶಾಲೆ ತೆರೆದ ದಿನ ಹೇಳೋಣವೆಂದಿದ್ದೆ, ಆ ತಾಯಿ ಜಗಲಿಗೆ ಬಂದು, "ಕಷಾಯಲಿ ಗುಣ ಆತ್ ಟೀಚರಮ್ಮ" ಎಂದು ನಕ್ಕಾಗ ನಾನೂ ತಲೆಯಾಡಿಸಿಬಿಟ್ಟೆ. ಆಮೇಲೆ ದಿನ ಕಳೆದಂತೆ ಈಗ ಹೇಳಿ ಏನುಪಯೋಗ ಎನ್ನಿಸತೊಡಗಿತು. ಮುಂದಿನ ಹುತ್ತರಿಗೆ ಅವಳಿಗೇ ಪಾರ್ಟು ಕೊಟ್ಟುಬಿಡುತ್ತೇನೆ, ಆ ತಾಯಿ ಎದುರು ಕೂತು ಕೇಳಲಿ, ಅಲ್ಲಿಗೆ ಸರಿಹೋಯಿತು ಎಂದು ನನಗೆ ನಾನೇ ಮಾತು ಕೊಟ್ಟುಕೊಂಡೆ. ಹುಡುಗಿ ಇಲ್ಲೆ ಎಂದರೂ ಸರಿ, ಯಾವ ಸಾಹೇಬರು ನಕ್ಕರೂ ಸರಿ ಎಂದುಕೊಂಡೆ.

ಆದರೆ ಅಷ್ಟರೊಳಗೆ ಹುಡುಗಿಯೇ ಬದಲಾಗತೊಡಗಿದಳು. ಬೇಸಿಗೆ ರಜೆ ಮುಗಿಸಿ ಬಂದವಳು ರೈಟರ ಮಗಳ ಪಕ್ಕದಲ್ಲಿ ಕೂರಲು ಅವಕಾಶ ಕೇಳಿದಳು. ಬಂದೆ ಎನ್ನುವಲ್ಲಿ ಬಂದೆನು ಎನ್ನುತ್ತಿದ್ದಳು. "ನನಗೆ ತಿಳಿದಿಲ್ಲ ಟೀಚರ್", "ನಾಳೆ ತರುತ್ತೇನೆ ಟೀಚರ್" ಎಂದು ಪುಸ್ತಕದಲ್ಲಿದ್ದ ಹಾಗೆ ಅಕ್ಷರ ಅಕ್ಷರ ಬಿಡಿಸಿ ಹೇಳುತ್ತಿದ್ದಳು. ಊಟದ ಬಿಡುವಿನಲ್ಲಿ ಚಿಕ್ಕ ಮಕ್ಕಳು ಇಲ್ಲೆ ಎಂದರೆ, ಇಲ್ಲ ಅನ್ನಬೇಕು ಎಂದು ತಿದ್ದುವುದನ್ನು ಒಮ್ಮೆ ಕಿಟಕಿಯಿಂದ ಕೇಳಿದೆ. ನನಗೆ ಸಂತೋಷವಾಯಿತು. ಹೌದು, ಆಗ ಸಂತೋಷವೇ ಆಯಿತು. ನಾನು ಮಾಡಿದ್ದು ಪೂರ್ತಿ ತಪ್ಪೇನಲ್ಲ, ಗದರಿದ್ದರಿಂದ ಹುಡುಗಿ ಉದ್ಧಾರವಾದಳು ಎಂದು ಮನಸ್ಸು ಹಗುರ ಮಾಡಿಕೊಂಡೆ. ತರಗತಿಯಲ್ಲಿ ಅವಳನ್ನು ಎಬ್ಬಿಸಿ ನಿಲ್ಲಿಸಿ, ನೋಡಿ ಇವಳ ಹಾಗೆ ಮಾತಾಡಬೇಕು ಎಂದೂ ಹೇಳಿದೆ.

ಆ ತಾಯಿ ಜಗಲಿ ಹತ್ತುವುದು ಕಡಿಮೆಯಾಗಿತ್ತು. ಗದ್ದೆ ಕೆಲಸ, ಮಳೆಗಾಲ ಎಂದುಕೊಂಡೆ. ಅಂಗಡಿಗೆ ಹೋಗುವಾಗ ದೂರದಿಂದಲೇ ಕೈಯೆತ್ತಿ ನಕ್ಕು ಹೋಗುತ್ತಿದ್ದರು.

ಮುಂದಿನ ಹುತ್ತರಿಗೆ ತಿಂಗಳಿರುವಾಗ ಒಂದು ಭಾನುವಾರ ನಾನೇ ಅವರ ಮನೆಗೆ ಹೋದೆ. ಪಾರ್ಟಿನ ವಿಷಯ ತಾಯಿಯ ಎದುರೇ ಹೇಳಬೇಕು, ಆ ಮುಖದ ಸಂತೋಷ ನೋಡಬೇಕು ಎಂಬ ಆಸೆ. ಅಂಗಳದಲ್ಲಿ ಸೌದೆ ಒಟ್ಟುತ್ತಿದ್ದ ತಾಯಿ ನನ್ನನ್ನು ನೋಡಿ ಓಡಿಬಂದರು. "ಬನ್ನಿ ಟೀಚರಮ್ಮ, ಕುದ್ರಿ" ಎಂದವರು ಥಟ್ಟನೆ ನಿಂತರು. ಒಳಗಿನಿಂದ ಮಗಳು ಬಂದಿದ್ದಳು. ಮಗಳು ತಾಯಿಯನ್ನು ನೋಡಿದಳು ಅಷ್ಟೇ. ತಾಯಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕು ಹಿಂದೆ ಸರಿದರು.

"ಒಳಗೆ ಬನ್ನಿ ಟೀಚರ್, ಕುಳಿತುಕೊಳ್ಳಿ. ಕಾಫಿ ತರುತ್ತೇನೆ" ಎಂದಳು ಮಗಳು.

ನಾನು ಗುಬ್ಬಿಯ ಪಾರ್ಟಿನ ಸುದ್ದಿ ಹೇಳಿದೆ. ತಾಯಿಯ ಕಣ್ಣು ಅರಳಿತು. ಏನೋ ಹೇಳಲು ಬಾಯಿ ತೆರೆದರು, ಮಗಳ ಕಡೆ ನೋಡಿದರು, ಹೇಳಲಿಲ್ಲ. ನನ್ನ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. ಕಾಫಿ ಕುಡಿಯುವಷ್ಟು ಹೊತ್ತೂ ನಾನು ಕೇಳಿದ್ದಕ್ಕೆಲ್ಲ ಮಗಳೇ ಉತ್ತರ ಹೇಳಿದಳು, ಹಸುವಿನ ಸಂಗತಿ ಸಹ. ದೊಡ್ಡ ಹುಡುಗಿಯಾದಳು, ಮನೆಯ ಜವಾಬ್ದಾರಿ ಬಂದಿದೆ ಎಂದು ನಾನು ತಿಳಿದುಕೊಂಡೆ. ಅಷ್ಟು ದಡ್ಡಿ ನಾನು.

ಆ ವರ್ಷ ಅವಳನ್ನು ಒಂದು ದಿನವೂ ತಿದ್ದಬೇಕಾಗಲಿಲ್ಲ. ಆಟದ ದಿನ ಸಾಹೇಬರು ಬರಲಿಲ್ಲ, ವರ್ಗವಾಗಿ ಬೇರೆಲ್ಲೋ ಹೋಗಿದ್ದರು. ಕುರ್ಚಿಯಲ್ಲಿ ಎಸ್ಟೇಟಿನ ರೈಟರೂ ಅವರ ಹೆಂಡತಿಯೂ ಕೂತಿದ್ದರು. ಚಾಪೆಯ ಮೇಲೆ ಊರಿಗೆ ಊರೇ ಇತ್ತು. ಬಾಗಿಲು ತೆರೆಯಿತು, ಅವಳು ಬಂದಳು. ಕಣ್ಣು ಮುಚ್ಚಲಿಲ್ಲ. ನೇರ ನಿಂತು, "ಕಾಗಕ್ಕ ಕಾಗಕ್ಕ ಜಾಗ ಇಲ್ಲ" ಎಂದು ಹಾಡಿದಳು. ದನಿ ಮೊದಲಿನದೇ. ಒಂದು ಅಕ್ಷರ ಆಚೀಚೆಯಾಗಲಿಲ್ಲ. ಮುಗಿದಾಗ ರೈಟರು ಎದ್ದುನಿಂತು ಚಪ್ಪಾಳೆ ತಟ್ಟಿದರು, ಹೆಡ್‌ಮಾಸ್ಟರು ಕನ್ನಡಕ ತೆಗೆದು ಒರೆಸಿಕೊಂಡರು.

ನಾನು ಬಾರಿಸುತ್ತಲೇ ಚಾಪೆಯ ಸಾಲುಗಳಲ್ಲಿ ಹಸಿರು ರೇಷ್ಮೆ ಹುಡುಕುತ್ತಿದ್ದೆ. ಕಾಣಲಿಲ್ಲ. ಹಿಂದೆ ಬಾಗಿಲ ಬಳಿ ನಿಂತಿರಬಹುದೆಂದು ನೋಡಿದೆ. ಅಲ್ಲೂ ಇರಲಿಲ್ಲ. ನೆರೆಮನೆಯ ಆ ಇಬ್ಬರು ಬಂದಿದ್ದರು.

ಆಟ ಮುಗಿದು ಎಲ್ಲರೂ ಅವಳನ್ನು ಸುತ್ತಿಕೊಂಡು ಹೊಗಳುತ್ತಿದ್ದರು. ಅವರೆಲ್ಲ ಹೋದ ಮೇಲೆ ಅವಳನ್ನು ಹತ್ತಿರ ಕರೆದು, "ಅವ್ವ ಎಲ್ಲಿ? ಹುಷಾರಿಲ್ಲವಾ?" ಎಂದು ಕೇಳಿದೆ.

"ಹುಷಾರಾಗಿದ್ದಾರೆ ಟೀಚರ್. ಬರುತ್ತೇನೆ ಎಂದು ಸೀರೆ ಉಟ್ಟಿದ್ದರು. ನಾನೇ ಬೇಡ ಎಂದೆ" ಎಂದಳು. ನನಗೆ ಅರ್ಥವಾಗಲಿಲ್ಲವೆಂದುಕೊಂಡು ಬಿಡಿಸಿ ಹೇಳಿದಳು. "ಅವರು ಇಲ್ಲಿ ಬಂದರೆ ಸುಮ್ಮನೆ ಕೂರುವುದಿಲ್ಲ, ಮಾತಾಡಿಬಿಡುತ್ತಾರೆ. ಜನ ನಗುತ್ತಾರೆ ಟೀಚರ್."

ಅವಳ ಮುಖದಲ್ಲಿ ದುಃಖವಿರಲಿಲ್ಲ, ಕೋಪವಿರಲಿಲ್ಲ. ಒಳ್ಳೆಯ ಹುಡುಗಿ ಹೇಳಿದ ಕೆಲಸ ಮುಗಿಸಿ ಬಂದು ನಿಂತ ಹಾಗೆ ನಿಂತಿದ್ದಳು. ಆಗಲೇ ಅವಳ ಕೈ ಹಿಡಿದು ಗದ್ದೆ ದಾಟಿ ಆ ತಾಯಿಯ ಮುಂದೆ ಹೋಗಿ ನಿಲ್ಲಬೇಕಿತ್ತು. ಹೋಗಿ ಹೇಳುವುದಾದರೂ ಏನು, ಯಾವ ಬಾಯಿಂದ ಎಂದು ನಿಂತೆ. ಆ ತಾಯಿಗೆ ಮಗಳು ಎದುರು ನಿಂತು ಹಾಡುವುದನ್ನು ಕೇಳುವ ಭಾಗ್ಯ ಆಮೇಲೂ ಬರಲಿಲ್ಲ. ಮುಂದಿನ ವರ್ಷ ಹುಡುಗಿ ಮಡಿಕೇರಿಗೆ ಹೈಸ್ಕೂಲಿಗೆ ಹೋದಳು.

ಆ ದಿನ ನನ್ನ ಮುಖ ನೋಡಿ ಅವಳಿಗೆ ಭಯವಾಗಿರಬೇಕು. ಹತ್ತಿರ ಬಂದು ಮೆಲ್ಲಗೆ ಕೇಳಿದಳು.

"ಎಲ್ಲಾದರೂ ತಪ್ಪಿದೆನೇ ಟೀಚರ್?"

"ಎಲ್ಲೂ ತಪ್ಪಲಿಲ್ಲ" ಎಂದೆ.